ಒಲೆ ಕಟ್ಟಿ ಬಂದೆವು, ಹೊಗೆಕೊಳವೆಯ ಮಸಿ ತೆಗೆಯುವವರು ಯಾರು?

ಕಳೆದ ಫೆಬ್ರವರಿಯಲ್ಲಿ ನಮ್ಮ ಚರ್ಚಿನ ಹದಿನಾಲ್ಕು ಮಂದಿ ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೆ ಸೇವಾಯಾತ್ರೆ ಹೋಗಿದ್ದೆವು. ಟೆಕ್ಸಾಸಿನಿಂದ ವಿಮಾನ ಹತ್ತಿ ಗ್ವಾಟೆಮಾಲಾ ನಗರದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಪಶ್ಚಿಮದ ಬೆಟ್ಟಸೀಮೆಗೆ ಏರಿ, ಕೆತ್ಸಾಲ್ತೆನಾಂಗೊ ಪಟ್ಟಣದಾಚೆ ಮಾಯಾ ಎಂಬ ಮೂಲನಿವಾಸಿಗಳ ಒಂದು ಹಳ್ಳಿಯಲ್ಲಿ ಆರು ದಿನವಿದ್ದು, ಹನ್ನೊಂದು ಮನೆಗಳಿಗೆ ಹೊಗೆಕೊಳವೆಯಿರುವ ಒಲೆಗಳನ್ನು ಕಟ್ಟಿ ಬಂದೆವು. ಹಿಂದಿರುಗಿದ ಮೇಲೆ ಆರಾಧನೆಯ ಹೊತ್ತಿನಲ್ಲಿ ಫೋಟೊಗಳನ್ನು ತೋರಿಸಿದೆವು, ಸಾಕ್ಷಿ ಹೇಳಿದೆವು, ಸಭೆಯವರೆಲ್ಲ ದೇವರಿಗೆ ಸ್ತೋತ್ರ ಸಲ್ಲಿಸಿದರು. ಆ ದಿನ ನಾನೂ ಎದ್ದು ನಿಂತು ಮಾತಾಡಿದೆ, ಆದರೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ಹೇಳದೆ ಕುಳಿತುಬಿಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ನಾವು ಹೋದ ಮನೆಯ ಅಡುಗೆಕೋಣೆಗೆ ಕಿಟಕಿಯಿರಲಿಲ್ಲ. ಹಸಿ ಇಟ್ಟಿಗೆಯ ಗೋಡೆ, ತಗಡಿನ ಮಾಡು, ನೆಲದ ಮೇಲೆ ಮೂರು ಕಲ್ಲು, ಅವುಗಳ ನಡುವೆ ಉರಿಯುವ ಸೌದೆ, ಮೇಲೊಂದು ಅಗಲವಾದ ಹಂಚು. ತೊಲೆಗಳಿಂದ ಮಸಿ ಎಳೆಎಳೆಯಾಗಿ ಇಳಿಬಿದ್ದಿತ್ತು. ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದ ಮೆಕ್ಕೆಜೋಳದ ಹಿಟ್ಟನ್ನು ಆ ಮನೆಯ ತಾಯಿ ಎರಡು ಅಂಗೈಗಳ ನಡುವೆ ತಟ್ಟುತ್ತಿದ್ದರು, ಆ ಸದ್ದು ಕೇಳಿ ನಾನು ಬಾಗಿಲಲ್ಲೇ ನಿಂತೆ. ಬೆಟಗೇರಿಯ ಅಜ್ಜಿಯ ಮನೆಯಲ್ಲಿ ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಗುತ್ತಿದ್ದ ಹುಡುಗಿ ನಾನು. ಆ ತಾಯಿಯ ಬೆನ್ನಿಗೆ ಬಣ್ಣದ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದ ಕೂಸು ನಡುನಡುವೆ ಕೆಮ್ಮುತ್ತಿತ್ತು. ಒಲೆಯ ಹೊಗೆಯೆಲ್ಲ ಮೊದಲು ಅದರ ಮುಖಕ್ಕೇ ಏರುತ್ತಿತ್ತು. ಗ್ವಾಟೆಮಾಲಾದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂಬುದನ್ನು ನಾನು ಹೋಗುವ ಮೊದಲೇ ಓದಿದ್ದೆ. ಆ ಮನೆಯ ದೊಡ್ಡ ಹುಡುಗಿಯನ್ನು ಕಂಡು ಐದು ವರ್ಷವಿರಬಹುದೆಂದುಕೊಂಡೆ, ಅವಳಿಗೆ ಎಂಟು ತುಂಬಿತ್ತು.

ಆದ್ದರಿಂದ ಒಲೆ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ಮಾತು ಹುಟ್ಟಿದ್ದು ನಾಲ್ಕನೆಯ ದಿನ ಕಂಡ ಇನ್ನೊಂದು ಮನೆಯಲ್ಲಿ. ಅಲ್ಲಿ ಆಗಲೇ ನಮ್ಮದರಂಥದೇ ಒಲೆಯಿತ್ತು. ನಾಲ್ಕು ವರ್ಷದ ಹಿಂದೆ ನಮ್ಮ ಹಾಗೆಯೇ ಬಂದ ಒಂದು ತಂಡ ಅದನ್ನು ಕಟ್ಟಿ, ಪ್ರಾರ್ಥನೆ ಮಾಡಿ, ಫೋಟೊ ತೆಗೆಸಿಕೊಂಡು ಹೋಗಿತ್ತಂತೆ. ಒಂದೂವರೆ ವರ್ಷದಲ್ಲಿ ಕೊಳವೆಯೊಳಗೆ ಮಸಿ ಕಟ್ಟಿಕೊಂಡು ಹೊಗೆ ಮರಳಿ ಕೋಣೆಗೇ ಬರತೊಡಗಿತು, ಉರಿಯ ಬಾಯಿಯ ಇಟ್ಟಿಗೆಗಳೆರಡು ಒಡೆದವು, ಮೇಲಿನ ಕಬ್ಬಿಣದ ತಗಡು ಬಾಗಿತು. ಯಾರಿಗೆ ಹೇಳಬೇಕೆಂಬುದು ಮನೆಯವರಿಗೆ ಗೊತ್ತಿರಲಿಲ್ಲ. ನಾವು ಹೋದಾಗ ಆ ಒಲೆಯ ಮೇಲೆ ಜೋಳದ ತೆನೆಗಳ ಬುಟ್ಟಿ ಕುಳಿತಿತ್ತು, ಪಕ್ಕದ ನೆಲದಲ್ಲಿ ಅವೇ ಮೂರು ಕಲ್ಲುಗಳ ಮೇಲೆ ಅಡುಗೆ ಬೇಯುತ್ತಿತ್ತು.

ಇದೇ ಬೆಟ್ಟಸೀಮೆಯ ಸಾನ್ ಮಾರ್ಕೋಸ್ ಪ್ರಾಂತ್ಯದಲ್ಲಿ 2002ರಿಂದ 2004ರವರೆಗೆ ವಿಜ್ಞಾನಿ ಕರ್ಕ್ ಸ್ಮಿತ್ ಅವರ ತಂಡ ಐನೂರಕ್ಕೂ ಹೆಚ್ಚು ಮನೆಗಳಲ್ಲಿ ದೊಡ್ಡದೊಂದು ಅಧ್ಯಯನ ನಡೆಸಿತ್ತು. ಸರಿಸುಮಾರು ಅರ್ಧ ಮನೆಗಳಿಗೆ ಮೊದಲೇ ಹೊಗೆಕೊಳವೆಯ ಒಲೆ ಕಟ್ಟಿಸಿಕೊಟ್ಟು, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ ಕೊಟ್ಟು, ಎರಡೂ ಬಗೆಯ ಮನೆಗಳ ಕೂಸುಗಳ ಆರೋಗ್ಯವನ್ನು ಹೋಲಿಸಿ ನೋಡಿದ ಅಧ್ಯಯನ ಅದು. 2011ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಒಲೆ ಪಡೆದ ಮನೆಗಳಲ್ಲಿ ಕೂಸುಗಳು ಉಸಿರಾಡುವ ಹೊಗೆ ಸುಮಾರು ಅರ್ಧಕ್ಕೆ ಇಳಿಯಿತು, ತೀವ್ರ ನ್ಯುಮೋನಿಯಾ ಸುಮಾರು ಮೂರನೆಯ ಒಂದು ಪಾಲು ತಗ್ಗಿತು, ಆದರೆ ಒಟ್ಟು ನ್ಯುಮೋನಿಯಾದಲ್ಲಿ ಕಂಡ ಇಳಿಕೆ ಖಚಿತವಾಗಿ ಹೇಳುವಷ್ಟು ದೊಡ್ಡದಾಗಿರಲಿಲ್ಲ. ಅಷ್ಟಾದರೂ ಫಲ ಸಿಕ್ಕಿದ್ದು ಹೇಗೆಂದು ನೋಡಬೇಕು. ಸ್ಥಳೀಯ ಕಾರ್ಯಕರ್ತರು ವಾರವಾರವೂ ಆ ಮನೆಗಳಿಗೆ ಹೋಗುತ್ತಿದ್ದರು, ಒಲೆ ಕೆಟ್ಟಿದ್ದರೆ ಸರಿಪಡಿಸಲಾಗುತ್ತಿತ್ತು. ನಾವು ಆ ಹಳ್ಳಿಯಲ್ಲಿದ್ದದ್ದು ಒಂದೇ ವಾರ.

ಕನ್ನಡಿಗರಿಗೆ ಇದು ಹೊಸ ಪಾಠವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯನ್ನು ನಮ್ಮಲ್ಲಿ ಹಲವರು ಕಂಡಿದ್ದೀರಿ, ಕೆಲವರು ಅದರಲ್ಲೇ ಉಂಡು ಬೆಳೆದಿದ್ದೀರಿ. ಕಡಿಮೆ ಸೌದೆಯಲ್ಲಿ ಬೇಗ ಬೇಯಿಸುವ, ಹೊಗೆಯನ್ನು ಮಾಡಿನ ಹೊರಗೆ ಕಳಿಸುವ ಒಳ್ಳೆಯ ಒಲೆ ಅದು. 1980ರ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ಕಾರ್ಯಕ್ರಮ ಕೈಗೊಂಡು ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಿತು. ಅವುಗಳಲ್ಲಿ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಕಟ್ಟಿದ್ದಕ್ಕೆ ಲೆಕ್ಕವಿತ್ತು, ಉಳಿಸಿಕೊಳ್ಳುವುದಕ್ಕೆ ಆಳಿರಲಿಲ್ಲ.

ಆ ಹಳ್ಳಿಯಲ್ಲಿ ಆಳಿದ್ದಾರೆ. ನಮಗೆ ಕೆಲಸ ಕಲಿಸಿದ ಗಾರೆಯವರನ್ನು ಊರವರು ‘ಮಾಯೆಸ್ತ್ರೊ’ ಎಂದು ಕರೆಯುತ್ತಿದ್ದರು. ನಮ್ಮ ‘ಮೇಸ್ತ್ರಿ’ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದದ್ದು, ಎರಡೂ ಒಂದೇ ಬೇರಿನ ಮಾತುಗಳು. ನಾನು ಅದನ್ನು ಹೇಳಿದಾಗ ಆ ಹಿರಿಯರು ‘ಮೇಸ್ತ್ರಿ, ಮೇಸ್ತ್ರಿ’ ಎಂದು ಎರಡು ಸಲ ಹೇಳಿಕೊಂಡು ನಕ್ಕರು. ನಮ್ಮಲ್ಲಿ ಐವರು ಸೇರಿ ಒಂದು ದಿನದಲ್ಲಿ ಕಟ್ಟಿದ ಒಲೆಯ ಸಾಲನ್ನು ಅವರು ರಸಮಟ್ಟ ಇಟ್ಟು ನೋಡಿ, ಏನೂ ಅನ್ನದೆ, ನಾವು ಊಟಕ್ಕೆ ಹೋದ ಹೊತ್ತಿನಲ್ಲಿ ಬಿಚ್ಚಿ ಮತ್ತೆ ಕಟ್ಟಿದ್ದರು. ನೀರು ತರಲು ಮರಳಿ ಬಂದಾಗ ನಾನದನ್ನು ಕಂಡೆ. ಅವರು ಬೆರಳಿನಿಂದ ತುಟಿ ಮುಚ್ಚಿ, ಬೇರೆಯವರಿಗೆ ಹೇಳಬೇಡವೆಂಬಂತೆ ಸನ್ನೆ ಮಾಡಿದರು. ನಮ್ಮ ಮನಸ್ಸು ನೋಯಬಾರದೆಂದು ಅವರು ತಮ್ಮ ಊಟದ ಹೊತ್ತನ್ನು ಬಿಟ್ಟುಕೊಟ್ಟಿದ್ದರು. ಅಂಥ ಮೇಸ್ತ್ರಿಗೆ ವರ್ಷದಲ್ಲಿ ಅರ್ಧ ದಿನಗಳು ಕೆಲಸವಿರುವುದಿಲ್ಲ. ನಮ್ಮಲ್ಲಿ ಒಬ್ಬೊಬ್ಬರ ವಿಮಾನದ ಟಿಕೆಟ್ಟಿನ ಹಣದಲ್ಲಿ ಅವರಿಗೆ ಹಲವು ವಾರಗಳ ಕೂಲಿ ಕೊಡಬಹುದಿತ್ತು.

ಭಾಷೆಯ ವಿಷಯವನ್ನೂ ಹೇಳಬೇಕು. ನಾವು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಒಬ್ಬರು ಸ್ಪ್ಯಾನಿಷಿಗೆ ತರುತ್ತಿದ್ದರು, ಅದನ್ನು ಊರಿನ ಯುವಕನೊಬ್ಬ ಕಿಚೆ ಭಾಷೆಗೆ ತರುತ್ತಿದ್ದ. ಆ ತಾಯಿಯ ಉತ್ತರ ಎರಡು ಹೊಳೆ ದಾಟಿ ನಮಗೆ ಮುಟ್ಟುವಷ್ಟರಲ್ಲಿ ‘ಒಲೆ ಚೆನ್ನಾಗಿದೆ, ವಂದನೆ’ ಎಂಬುದಷ್ಟೇ ಉಳಿದಿರುತ್ತಿತ್ತು. ನಾನು ಕಲಿತದ್ದು ‘ಮಲ್ತ್ಯೋಷ್’ ಎಂಬ ಒಂದೇ ಮಾತು, ವಂದನೆ ಎಂದು ಅದರರ್ಥ. ನಮ್ಮ ಮನೆತನಕ್ಕೆ ಸುವಾರ್ತೆ ಬಂದದ್ದು ಬಾಸೆಲ್ ಮಿಷನ್ನಿನವರಿಂದ. ಅವರು 1834ರಲ್ಲಿ ಮಂಗಳೂರಿಗೆ ಬಂದರು, 1843ರಲ್ಲಿ ಅವರಲ್ಲೊಬ್ಬರಾದ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು, 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರ ಎಲ್ಲ ಕೆಲಸವನ್ನೂ ನಾನು ಒಪ್ಪುವುದಿಲ್ಲ. ಆದರೆ ನನ್ನ ಅಜ್ಜಿಯ ಅಜ್ಜಿಯೊಡನೆ ಅವರು ಕನ್ನಡದಲ್ಲಿ ಮಾತಾಡಿದ್ದರು.

ಇನ್ನೊಂದು ಸಂಗತಿಯನ್ನು ಯಾತ್ರೆಗೆ ಮುಂಚಿನ ತರಬೇತಿಯಲ್ಲಿ ಯಾರೂ ನಮಗೆ ಹೇಳಲಿಲ್ಲ. 1976ರ ಫೆಬ್ರವರಿ 4ರ ಭೂಕಂಪದಲ್ಲಿ ಅಲ್ಲಿ ಸುಮಾರು 23,000 ಮಂದಿ ಸತ್ತಾಗ ಅಮೆರಿಕದ ಚರ್ಚುಗಳು ನೆರವಿಗೆ ಧಾವಿಸಿದವು. ಹಾಗೆ ಬಂದ ಕ್ಯಾಲಿಫೋರ್ನಿಯಾದ ತಂಡವೊಂದರಿಂದ ಬೆಳೆದ ಸಭೆಗೆ ಸೇರಿದವನೇ 1982ರಲ್ಲಿ ಅಧಿಕಾರ ಹಿಡಿದ ಜನರಲ್ ಎಫ್ರಾಯಿನ್ ರಿಯೋಸ್ ಮೋಂಟ್. ಅವನ ಆಳ್ವಿಕೆಯಲ್ಲಿ ಸೈನ್ಯ ಮಾಯಾ ಹಳ್ಳಿಗಳನ್ನು ಸುಟ್ಟು ಸಾವಿರಾರು ಜನರನ್ನು ಕೊಂದಿತು. 2013ರಲ್ಲಿ ಜನಾಂಗಹತ್ಯೆಯ ಅಪರಾಧಿಯೆಂದು ತೀರ್ಪಾಯಿತು, ಕೆಲವೇ ದಿನಗಳಲ್ಲಿ ಆ ತೀರ್ಪು ರದ್ದಾಯಿತು. ಬೈಬಲ್ ಹಿಡಿದು ಅಂಥ ಮನೆಗಳ ಹೊಸ್ತಿಲು ದಾಟುವವರು ಇದನ್ನು ತಿಳಿದಿರಲೇಬೇಕು. ನಮ್ಮನ್ನು ಕಂಡಾಗ ಕೆಲವು ಹಿರಿಯ ಹೆಂಗಸರು ಒಳಗೆ ಹೋಗುತ್ತಿದ್ದುದಕ್ಕೆ ನಾಚಿಕೆ ಕಾರಣವೆಂದು ನಮ್ಮವರು ಅಂದುಕೊಂಡರು. ನನಗೆ ಈಗ ಹಾಗೆ ಅನ್ನಿಸುವುದಿಲ್ಲ.

ನಮ್ಮ ಸಭೆಯ ಹಿರಿಯರ ಮುಂದೆ ನಾನು ಇಟ್ಟಿರುವ ಮನವಿ ಇಷ್ಟೇ. ಬರುವ ವರ್ಷ ಹದಿನಾಲ್ಕು ಮಂದಿ ಹೋಗುವ ಬದಲು ಮೂವರು ಹೋಗೋಣ, ಅದೂ ಇದೇ ಹಳ್ಳಿಗೆ. ಉಳಿದ ಹನ್ನೊಂದು ಟಿಕೆಟ್ಟುಗಳ ಹಣವನ್ನು ಅಲ್ಲಿನ ಸಭೆಯ ಕೈಗೆ ಕೊಟ್ಟು, ಆ ಮೇಸ್ತ್ರಿಗೂ ಅವರ ಜೊತೆ ಕೆಲಸ ಕಲಿಯುವ ಇಬ್ಬರು ಹುಡುಗರಿಗೂ ತಿಂಗಳ ಸಂಬಳ ಗೊತ್ತುಮಾಡೋಣ. ಹೊಸ ಒಲೆ ಎಲ್ಲಿ ಬೇಕು, ಹಳೆಯದನ್ನು ಎಲ್ಲಿ ಸರಿಪಡಿಸಬೇಕು ಎಂಬುದನ್ನು ಅಡುಗೆ ಮಾಡುವ ಹೆಂಗಸರೇ ಹೇಳಲಿ. ‘ಹಾಗಾದರೆ ನಮ್ಮ ಮಕ್ಕಳಿಗೆ ಸೇವೆಯ ಅನುಭವ ಸಿಗುವುದು ಹೇಗೆ?’ ಎಂದು ಒಬ್ಬರು ಕೇಳಿದರು. ಆ ಪ್ರಶ್ನೆ ನನಗೆ ನೋವು ಕೊಟ್ಟಿತು. ಆ ಕೂಸು ಕೆಮ್ಮುತ್ತಿರುವುದು ನಮ್ಮ ಮಕ್ಕಳಿಗೆ ಅನುಭವವಾಗಲೆಂದಲ್ಲ.

ಮುಂದಿನ ತಿಂಗಳ ಸಭೆಯಲ್ಲಿ ಇದು ತೀರ್ಮಾನವಾಗಬೇಕು. ಇಂಥ ಯಾತ್ರೆಗಳಿಗೆ ಹೋಗಿ ಬಂದ ಕನ್ನಡಿಗರು ನನ್ನ ಪರಿಚಯದಲ್ಲೇ ಹಲವರಿದ್ದೀರಿ. ನೀವು ಕಟ್ಟಿದ ಒಲೆ, ತೋಡಿಸಿದ ಬಾವಿ, ಕೂಡಿಸಿದ ನಲ್ಲಿ ಈಗ ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸಿ ನನಗೆ ಬರೆಯಿರಿ. ನಾನು ಹೋದ ವಾರ ಆ ಯುವಕನಿಗೆ ವಾಟ್ಸಾಪಿನಲ್ಲಿ ಕೇಳಿದೆ. ಹನ್ನೊಂದರಲ್ಲಿ ಒಂಬತ್ತು ಒಲೆಗಳು ಉರಿಯುತ್ತಿವೆಯಂತೆ, ಎರಡರ ಕೊಳವೆಯ ಕೀಲು ಸಡಿಲವಾಗಿ ಹೊಗೆ ಸೋರುತ್ತಿದೆಯಂತೆ. ಅವುಗಳಲ್ಲೊಂದು ರೊಟ್ಟಿ ತಟ್ಟುತ್ತಿದ್ದ ಆ ತಾಯಿಯ ಮನೆಯದು.