ಗುಣುಗುಟ್ಟದೆ

ಆರಾಧನೆ ಮುಗಿಯುವ ಹೊತ್ತಿಗೆ ಪಾಸ್ಟರ್ ಒಂದು ಪ್ರಕಟಣೆ ಮಾಡಿದರು. ಹೊಸದಾಗಿ ಒಂದು ಕುಟುಂಬ ಈ ದೇಶಕ್ಕೆ ಬರುತ್ತಿದೆ, ಅವರ ಬಾಡಿಗೆ ಮನೆಯ ಕೀಲಿ ಸಿಗುವುದು ಎರಡು ದಿನ ತಡ, ಅಲ್ಲಿಯವರೆಗೆ ಯಾರಾದರೂ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. ಅವತ್ತು ಓದಿದ್ದು ಇಬ್ರಿಯರಿಗೆ 13:2. ಅತಿಥಿಗಳನ್ನು ಸತ್ಕರಿಸಲು ಹೋಗಿ ಕೆಲವರು ತಮಗೇ ಗೊತ್ತಿಲ್ಲದೆ ದೇವದೂತರನ್ನು ಸತ್ಕರಿಸಿದ್ದಾರೆ ಅನ್ನುವ ವಚನ. ಅದರ ಬಿಸಿ ಇನ್ನೂ ಆರಿರಲಿಲ್ಲ. ನನ್ನ ಕೈ ತಾನಾಗಿ ಮೇಲೆ ಹೋಯಿತು.

ಪಕ್ಕದಲ್ಲಿದ್ದ ನನ್ನ ಗಂಡ ಆ ಕೈಯನ್ನೇ ನೋಡಿದರು. ಇದು ನಮ್ಮ ಮನೆಯವರ ಕೈಯೋ, ಹಿಂದಿನ ಸಾಲಿನವರದ್ದೋ ಅನ್ನುವ ಹಾಗೆ.

ನಮ್ಮ ಮನೆಯೆಂದರೆ ಒಂದು ಬೆಡ್‌ರೂಮ್, ಒಂದು ಹಾಲ್, ಒಂದೇ ಒಂದು ಬಚ್ಚಲು. ಹಾಲಿನಲ್ಲಿ ಎಳೆದರೆ ಹಾಸಿಗೆಯಾಗುವ ಸೋಫಾ ಇದೆ. ಹಾಸಿಗೆಯಾದ ಮೇಲೆ ಅದರ ನಟ್ಟನಡುವೆ ಒಂದು ಕಬ್ಬಿಣದ ಸರಳು ಎದ್ದು ನಿಲ್ಲುತ್ತದೆ. ಅದರ ಮೇಲೆ ನಾವು ಯಾವತ್ತೂ ಮಲಗಿರಲಿಲ್ಲವಾದ್ದರಿಂದ ಸೋಫಾ ಚೆನ್ನಾಗಿದೆ ಅಂತಲೇ ನಂಬಿದ್ದೆವು.

"ದೇವರ ಕಡೆಯಿಂದ ಅಬ್ರಹಾಮನ ಮನೆಗೆ ಬಂದವರು ಮೂರೇ ಜನ" ಅಂದರು ನನ್ನ ಗಂಡ ದಾರಿಯಲ್ಲಿ. "ಮರದ ಕೆಳಗೆ ಕೂತು ಊಟ ಮಾಡಿದರು, ಎದ್ದು ಹೋದರು. ಲಗೇಜು ಇರಲಿಲ್ಲ."

ನಮ್ಮಲ್ಲಿಗೆ ಬಂದವರು ನಾಲ್ವರು. ಬ್ರದರ್, ಅವರ ಹೆಂಡತಿ, ಎರಡು ಮಕ್ಕಳು. ಜೊತೆಗೆ ಎಂಟು ಸೂಟ್‌ಕೇಸು. ಅವನ್ನೆಲ್ಲ ಜೋಡಿಸಿದ ಮೇಲೆ ಹಾಲಿನಿಂದ ಅಡುಗೆಮನೆಗೆ ಏಡಿಯ ಹಾಗೆ ಅಡ್ಡಡ್ಡ ನಡೆದೇ ಹೋಗಬೇಕು. ಆಕೆ ಬಾಗಿಲಲ್ಲೇ "ಅಕ್ಕಾ" ಅಂತ ತಬ್ಬಿಕೊಂಡಳು. ನನಗೂ ಕಣ್ಣು ತುಂಬಿ ಬಂತು. ಪರದೇಶದಲ್ಲಿ ಅಕ್ಕಾ ಅನ್ನುವವರು ಎಷ್ಟು ಜನ ಸಿಗುತ್ತಾರೆ, ಅಲ್ವಾ?

ಮೊದಲ ಎರಡು ದಿನ ಪರಲೋಕ. ಮೂರನೇ ದಿನ ಮನೆ ಮಾಲೀಕನಿಂದ ಸುದ್ದಿ ಬಂತು, ಗೋಡೆಯ ಬಣ್ಣ ಒಣಗಿಲ್ಲವಂತೆ. ಐದನೇ ದಿನ, ಯಾವುದೋ ಕಾಗದಕ್ಕೆ ಸಹಿಯಾಗಿಲ್ಲವಂತೆ. ನಾನು ಸತ್ಯವೇದದಲ್ಲಿ ಬರುವ ಗಂಡಹೆಂಡತಿ ಅಕ್ವಿಲ ಪ್ರಿಸ್ಕಿಲ್ಲರನ್ನು ನೆನೆದು ಸಮಾಧಾನ ಮಾಡಿಕೊಂಡೆ. ಅವರೂ ನಮ್ಮ ಹಾಗೆ ಪರದೇಶಿಗಳೇ. ಚಕ್ರವರ್ತಿ ಕ್ಲೌದಿಯ ರೋಮಿನಿಂದ ಹೊರಗಟ್ಟಿದ ಮೇಲೆ ಕೊರಿಂಥಕ್ಕೆ ಬಂದು ಡೇರೆ ಮಾಡಿಕೊಂಡಿದ್ದವರು. ಅಲ್ಲಿ ಸುವಾರ್ತೆ ಸಾರಲು ಬಂದ ಪೌಲನನ್ನು ಮನೆಯಲ್ಲಿ ಇಟ್ಟುಕೊಂಡರು. ಪೌಲ ಆ ಪಟ್ಟಣದಲ್ಲಿ ಇದ್ದದ್ದು ಒಂದೂವರೆ ವರ್ಷ. ಅದರಲ್ಲಿ ಇವರ ಮನೆಯಲ್ಲಿ ಎಷ್ಟು ದಿನ ಅಂತ ಈ ಕಥೆ ಬರೆದಿಟ್ಟ ಲೂಕ ಹೇಳಿಲ್ಲ. ಪ್ರಿಸ್ಕಿಲ್ಲಳನ್ನು ಕೇಳಿದ್ದರೆ ಬೆರಳು ಮಡಚಿ ಹೇಳಿರುತ್ತಿದ್ದಳು. ಅದೂ ಅಲ್ಲದೆ ಅವರದ್ದು ಡೇರೆ ಮಾಡುವ ಕಸುಬು. ಜಾಗ ಸಾಲದಿದ್ದರೆ ಹೊರಗೆ ಒಂದು ಡೇರೆ ಎಬ್ಬಿಸಬಹುದು. ನಾವು ಮಾಡುವುದು ಕಂಪ್ಯೂಟರ್ ಕೆಲಸ.

ಬ್ರದರ್ ಬಹಳ ಒಳ್ಳೆಯ ಮನುಷ್ಯ. ಕಂಠವೂ ಒಳ್ಳೆಯದು. ತೊಂದರೆಯೇ ಅದು. ವಿಮಾನ ಇಳಿದು ಎಷ್ಟು ದಿನವಾದರೂ ಅವರ ದೇಹ ಹಳೆಯ ಗಡಿಯಾರವನ್ನೇ ಹಿಡಿದುಕೊಂಡಿತ್ತು. ರಾತ್ರಿ ಮೂರು ಗಂಟೆಗೆ ಪಟ್ಟನೆ ಎಚ್ಚರ. ಎಚ್ಚರವಾದರೆ ಸ್ತುತಿಗೀತೆ. ಒಂದಲ್ಲ, ಪಲ್ಲವಿ ಚರಣ ಸಮೇತ ನಾಲ್ಕೈದು. ನಾಲ್ಕನೇ ರಾತ್ರಿ ಕೆಳಗಿನ ಮನೆಯವರು ಕೋಲಿನಿಂದ ಚಾವಣಿಗೆ ಕುಟ್ಟತೊಡಗಿದರು. ಬೆಳಿಗ್ಗೆ ಬ್ರದರ್ ಮುಖ ಅರಳಿತ್ತು.

"ಸಿಸ್ಟರ್, ಕೆಳಗಿನವರೂ ವಿಶ್ವಾಸಿಗಳಾ? ನನ್ನ ಜೊತೆ ತಾಳ ಹಾಕ್ತಾರಲ್ಲ!"

ನನ್ನ ಗಂಡ ಮಾತು ಕಮ್ಮಿ, ಓದು ಜಾಸ್ತಿ. ಆ ವಾರ ಎರಡು ಸಂಶೋಧನೆ ಮಾಡಿದರು. ಒಂದು, ಜ್ಞಾನೋಕ್ತಿ 27:14. ಮುಂಜಾನೆ ಎದ್ದು ಗಟ್ಟಿಯಾಗಿ ಗೆಳೆಯನನ್ನು ಆಶೀರ್ವದಿಸಿದರೆ ಅದು ಶಾಪವೆಂದೇ ಲೆಕ್ಕ ಅಂತ ಅಲ್ಲಿದೆ. ಸೊಲೊಮೋನನ ಅರಮನೆಯಲ್ಲೂ ಯಾರೋ ಹಾಡುತ್ತಿದ್ದಿರಬೇಕು. ಎರಡನೆಯದು ಸತ್ಯವೇದದ್ದಲ್ಲ. ದಿದಾಖೆ ಅಂತ ಆದಿಸಭೆಯ ಒಂದು ಚಿಕ್ಕ ಪುಸ್ತಕ. ಅದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತಂತೆ. ರಾತ್ರಿ ಹೊದಿಕೆಯೊಳಗೆ ಫೋನ್ ಹಿಡಿದು ನನಗೆ ಓದಿ ಹೇಳಿದರು. ಬಂದ ಅಪೊಸ್ತಲ, ಅಂದರೆ ಊರೂರು ತಿರುಗಿ ಸುವಾರ್ತೆ ಸಾರುವವ, ಒಂದು ದಿನ ಇರಬಹುದು, ಬೇಕಾದರೆ ಎರಡು. ಮೂರು ದಿನ ಇದ್ದರೆ ಅವನು ಸುಳ್ಳು ಪ್ರವಾದಿ.

"ಇವತ್ತಿಗೆ ಎಷ್ಟನೇ ದಿನ?" ಅಂದರು.

"ಅದು ಅಪೊಸ್ತಲರಿಗೆ ಕಣ್ರೀ. ಇವರು ಅಕೌಂಟೆಂಟು" ಅಂದೆ.

ಮತ್ತೆ ಸ್ವಲ್ಪ ಹುಡುಕಿದರು. "ಸಾಮಾನ್ಯ ಪ್ರಯಾಣಿಕರಿಗೂ ಇದೆ. ಎರಡೋ ಮೂರೋ ದಿನ." ಗೋಡೆಯ ಆಚೆ ಬ್ರದರ್ ಗಂಟಲು ಸರಿಮಾಡಿಕೊಂಡರು.

ಎಂಟನೇ ದಿನ ನನ್ನ ತಾಳ್ಮೆ ಮುಗಿಯಿತು. ಮನೆಯಲ್ಲಿ ಒಬ್ಬಳೇ ಕೂರಲು ಉಳಿದಿದ್ದ ಜಾಗ ಬಚ್ಚಲೊಂದೇ. ಚಿಲಕ ಹಾಕಿಕೊಂಡು ಗಂಡನಿಗೆ ಮೆಸೇಜ್ ಮಾಡಿದೆ: "ನಾಳೆಯೂ ಮೂರು ಗಂಟೆಗೆ ಹಾಡಿದರೆ ನಾನೂ ಎದ್ದು ಕೂತು ಅಳ್ತೀನಿ. ಇವರು ಯಾವಾಗ ಹೋಗ್ತಾರೋ ಕರ್ತನಿಗೇ ಗೊತ್ತು." ಮನಸ್ಸು ಹಗುರವಾಯಿತು.

ಎರಡು ನಿಮಿಷದ ಮೇಲೆ ಅಡುಗೆಮನೆಯಿಂದ ಉತ್ತರ ಬಂತು. ಒಂದೇ ಪದ. "ಗ್ರೂಪು."

ನಾನು ಕಳಿಸಿದ್ದು ಸಭೆಯ ವಾಟ್ಸ್ಆ್ಯಪ್ ಗ್ರೂಪಿಗೆ. ಅರವತ್ತು ಚಿಲ್ಲರೆ ಜನ. ಬ್ರದರ್ ಕುಟುಂಬವನ್ನು ಹಿಂದಿನ ದಿನವಷ್ಟೇ ಆ ಗ್ರೂಪಿಗೆ ಸೇರಿಸಿದ್ದರು. ಸೇರಿಸಿ ಅಂತ ಪಾಸ್ಟರ್‌ಗೆ ಹೇಳಿದವಳು ನಾನೇ.

ನಡುಗುವ ಕೈಯಲ್ಲಿ ಅಳಿಸಿದೆ. ಆದರೆ "ಈ ಸಂದೇಶವನ್ನು ಅಳಿಸಲಾಗಿದೆ" ಅನ್ನುವ ಸಾಲು ಇದೆಯಲ್ಲ, ಅದು ಹೂತ ಜಾಗದ ಹಸಿ ಮಣ್ಣಿನ ಹಾಗೆ. ಎಲ್ಲರೂ ಅಲ್ಲೇ ನಿಂತು ನೋಡುತ್ತಾರೆ. ಅದರ ಕೆಳಗೆ ಪಾಸ್ಟರ್ ಉತ್ತರ ಬಂತು. ಬೈಗುಳವಿಲ್ಲ, ಉಪದೇಶವಿಲ್ಲ. ಬರೀ "1 ಪೇತ್ರ 4:9".

ಬಚ್ಚಲಲ್ಲೇ ತೆಗೆದು ನೋಡಿದೆ. ಗುಣುಗುಟ್ಟದೆ ಒಬ್ಬರಿಗೊಬ್ಬರು ಅತಿಥಿಸತ್ಕಾರ ಮಾಡಿ ಅಂತಿತ್ತು.

ಆಗ ನನಗೆ ಒಂದು ವಿಷಯ ಹೊಳೆಯಿತು. ರೋಮಾಪುರದವರಿಗೆ ಬರೆಯುವಾಗ ಪೌಲನೂ ಅತಿಥಿಸತ್ಕಾರ ಮಾಡಿ ಅನ್ನುತ್ತಾನೆ, ಇಬ್ರಿಯರಿಗೆ ಬರೆದವರು ದೇವದೂತರ ಆಸೆ ತೋರಿಸುತ್ತಾರೆ. ಗುಣುಗುಟ್ಟುವ ವಿಷಯ ಎತ್ತಿದ್ದು ಪೇತ್ರ ಮಾತ್ರ. ಯಾಕೆಂದರೆ ಪೇತ್ರ ಸಂಸಾರಸ್ಥ. ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸುಸ್ವಾಮಿಯ ಜೊತೆ ಯಾಕೋಬ ಯೋಹಾನರೂ ಅವನ ಮನೆಗೆ ಬರುತ್ತಾರೆ. ಮನೆಯಲ್ಲಿ ಅತ್ತೆಗೆ ಜ್ವರ. ಸ್ವಾಮಿ ಕೈಹಿಡಿದು ಎಬ್ಬಿಸುತ್ತಾರೆ, ಜ್ವರ ಬಿಡುತ್ತದೆ, ಆಕೆ ಎದ್ದವಳೇ ಎಲ್ಲರ ಉಪಚಾರಕ್ಕೆ ನಿಲ್ಲುತ್ತಾಳೆ. ಸಂಜೆಯ ಹೊತ್ತಿಗೆ ಊರಿಗೆ ಊರೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಅವತ್ತು ರಾತ್ರಿ ಪೇತ್ರನ ಹೆಂಡತಿ ಏನಂದಳು ಅಂತ ಮಾರ್ಕ ಬರೆದಿಲ್ಲ. ಪೇತ್ರ ಮರೆತಿರಲಿಲ್ಲ ಅಂತ ಕಾಣುತ್ತೆ.

ಬಾಗಿಲು ಬಡಿದ ಸದ್ದು. "ಅಕ್ಕಾ, ಹೊರಗೆ ಬನ್ನಿ."

ಬಂದೆ. ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ. ತಂಗಿ ಸೊಂಟ ಹಿಡಿದುಕೊಂಡು ನಿಂತಿದ್ದಳು. "ಅಕ್ಕಾ, ಆ ಸೋಫಾದ ಸರಳಿಗೆ ನನ್ನ ಬೆನ್ನು ಹೋಯ್ತು. ಬೇರೆ ಎಲ್ಲಾದ್ರೂ ಇರೋಣ ಅಂದ್ರೆ, ನಿಮಗೆ ಬೇಜಾರಾಗುತ್ತೆ ಅಂತ ಇವರು ಕೇಳ್ತಾನೇ ಇಲ್ಲ. ಇನ್ನು ಆ ಹಾಡು..." ಅಂದು ಸ್ವರ ತಗ್ಗಿಸಿದಳು. "ನಾನು ಹನ್ನೊಂದು ವರ್ಷದಿಂದ ಕೇಳ್ತಿದ್ದೀನಿ."

ಇಬ್ಬರೂ ಸೂಟ್‌ಕೇಸುಗಳ ನಡುವೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಸಂಜೆ ಸಭೆಯವರು ಒಬ್ಬೊಬ್ಬರಾಗಿ ಬಂದರು. ಅಳಿಸಿದ್ದನ್ನು ಎಲ್ಲರೂ ಓದಿದ್ದರು. ಯಾರೋ ಒಂದು ದಪ್ಪ ಹಾಸಿಗೆ ಹೊತ್ತು ತಂದರು, ಯಾರೋ ಮಕ್ಕಳನ್ನು ಕರೆದುಕೊಂಡು ಹೋದರು. ಕಿವಿ ಮಂದವಾಗಿರುವ ಒಬ್ಬ ಹಿರಿಯರು ಬ್ರದರ್ ಭುಜದ ಮೇಲೆ ಕೈಯಿಟ್ಟು, "ರಾತ್ರಿ ನಮ್ಮನೆಯಲ್ಲಿ ಮಲಗಪ್ಪ. ಎಷ್ಟು ಬೇಕಾದ್ರೂ ಹಾಡು" ಅಂದರು. ಹನ್ನೊಂದನೇ ದಿನ ಕೀಲಿ ಸಿಕ್ಕಿತು.

ಆ ಚಳಿಗಾಲದಲ್ಲೇ ನಮ್ಮ ಮೇಲಿನ ಮನೆಯ ನೀರಿನ ಪೈಪು ಒಡೆದು, ನಮ್ಮ ಮನೆ ಕೆರೆಯಾಯಿತು. ತಂಗಿ ಫೋನ್ ಮಾಡಿ, "ಅಕ್ಕಾ, ಹೊರಟು ಬನ್ನಿ" ಅಂದಳು. ಹೋದೆವು. ತಮ್ಮ ಬೆಡ್‌ರೂಮನ್ನೇ ಬಿಟ್ಟುಕೊಟ್ಟು ಅವರು ಹಾಲಿನಲ್ಲಿ ಮಲಗಿದರು. ಬ್ರದರ್ ಈಗ ಮೂರಕ್ಕೆ ಏಳುವುದಿಲ್ಲ. ಎರಡು ದಿನದಲ್ಲಿ ರಿಪೇರಿಯಾಗುತ್ತೆ ಅಂತ ನಮ್ಮ ಮನೆ ಮಾಲೀಕನೂ ಹೇಳಿದ್ದ.

ಆರನೇ ರಾತ್ರಿ. ನನ್ನ ಗಂಡನ ಗೊರಕೆಗೆ ನಾನು ಎಂದೋ ಒಗ್ಗಿಹೋಗಿದ್ದೇನೆ, ಹಾಗಾಗಿ ಚೆನ್ನಾಗಿ ನಿದ್ದೆ ಹತ್ತಿತ್ತು. ಎಬ್ಬಿಸಿದ್ದು ಫೋನಿನ ಸದ್ದು. ಗಂಟೆ ಮೂರು. ಸಭೆಯ ಗ್ರೂಪಿನಲ್ಲಿ ತಂಗಿಯ ಹೆಸರಿತ್ತು. ಕನ್ನಡಕ ಹುಡುಕಿ ಹಾಕಿಕೊಂಡೆ.

"ಈ ಸಂದೇಶವನ್ನು ಅಳಿಸಲಾಗಿದೆ."