ಮಾವ ಫ್ರೈಸಿಂಗಿಗೆ, ಅತ್ತೆ ವಿಮಾನ ನಿಲ್ದಾಣಕ್ಕೆ

ಮ್ಯೂನಿಕ್ ನಗರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಎಸ್1 ರೈಲಿಗೆ ಒಂದು ಕೆಟ್ಟ ಚಾಳಿಯಿದೆ. ನೊಯ್‌ಫಾರ್ನ್ ಎಂಬ ನಿಲ್ದಾಣ ಬಂದೊಡನೆ ಅಣ್ಣತಮ್ಮಂದಿರ ಹಾಗೆ ಪಾಲಾಗಿಬಿಡುತ್ತದೆ. ಹಿಂದಿನ ಡಬ್ಬಿಗಳು ವಿಮಾನ ನಿಲ್ದಾಣಕ್ಕೆ, ಮುಂದಿನವು ಫ್ರೈಸಿಂಗ್ ಎಂಬ ಊರಿಗೆ. ಜಗಳವಿಲ್ಲ, ಪಂಚಾಯಿತಿಯಿಲ್ಲ, ಒಂದು ಪ್ರಕಟಣೆ, ಅಷ್ಟೇ.

ಇದನ್ನು ಮಾವನವರಿಗೆ ಮನೆಯಲ್ಲೇ ಹೇಳಿದ್ದೆ. ಆದರೆ ಅವರು ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಪಳಗಿದವರು. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ಎತ್ತಿದ ಕೈ. ಈ ರೈಲಿನ ಕಿಟಕಿಗಳು ಮುಚ್ಚಿದ್ದರಿಂದ ಟವೆಲ್ ಹೆಗಲ ಮೇಲೇ ಉಳಿಯಿತು. ಮಾವ ಮಾತ್ರ ಮುಂದಕ್ಕೆ ಓಡಿದರು. ಮಂಡಿನೋವಿನ ಅತ್ತೆಯನ್ನು ಕರೆದುಕೊಂಡು ನಾನು ಹಿಂದಿನ ಡಬ್ಬಿ ಹತ್ತುವಷ್ಟರಲ್ಲಿ ಬಾಗಿಲು ಮುಚ್ಚಿತು. ಕೂಡಲೇ ಫೋನ್ ಬಂತು.

"ಎರಡು ಸೀಟು ಹಿಡಿದಿದ್ದೇನೆ, ಬನ್ನಿ."

"ಮಾವ, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿನ ಡಬ್ಬಿಗೆ ಬನ್ನಿ."

"ಹಿಡಿದ ಸೀಟು ಬಿಡುವುದುಂಟೇನಮ್ಮಾ?"

ರೈಲು ಪಾಲಾಯಿತು. ಆಸ್ತಿಯ ಪತ್ರ ಮಾವನ ಕಡೆಗೇ ಹೋಯಿತು. ಅಂದರೆ ಟಿಕೆಟ್. ನನ್ನದೇನೋ ತಿಂಗಳ ಪಾಸು. ಅವರಿಬ್ಬರಿಗೂ, ಊರಿಂದ ಬಂದಿಳಿಯಲಿದ್ದ ನಾದಿನಿಗೂ ಸೇರಿಸಿ ಒಂದೇ ಗುಂಪು ಟಿಕೆಟ್ ತೆಗೆದಿದ್ದೆವು. ಐದು ಜನರವರೆಗೆ ನಡೆಯುವ ಚೀಟಿ. ಅದು ಯಜಮಾನರ ಅಂಗಿಯ ಜೇಬಿನಲ್ಲೇ ಇರಬೇಕೆಂಬುದು ನಮ್ಮ ಮನೆಯ ಪದ್ಧತಿ.

ಆ ರೈಲುಗಳಲ್ಲಿ ಕಂಡಕ್ಟರ್ ಇಲ್ಲ, ನಿಲ್ದಾಣದಲ್ಲಿ ಗೇಟೂ ಇಲ್ಲ. ಹೇಳುವವರು ಕೇಳುವವರು ಯಾರೂ ಇಲ್ಲವೆಂದುಕೊಳ್ಳುವಾಗ, ಜೀನ್ಸ್ ತೊಟ್ಟು ಎದುರಿಗೆ ಕೂತವನೇ ಎದ್ದು ಗುರುತಿನ ಚೀಟಿ ತೋರಿಸುತ್ತಾನೆ. ಅಂದೂ ಹಾಗೆಯೇ ಎದ್ದ.

ಅತ್ತೆ ಒಂದಿಷ್ಟೂ ಅಳುಕಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಧರ್ಮಸ್ಥಳ, ಮೈಸೂರು ಎಂದು ಸುತ್ತಿದವರು. ವ್ಯಾನಿಟಿ ಬ್ಯಾಗಿನ ಜಿಪ್ ಎಳೆದರು. ಮಾತ್ರೆಯ ಪಟ್ಟಿ, ಕುಂಕುಮದ ಪೊಟ್ಟಣ, ಅರ್ಧ ತಿಂದ ಕೊಬ್ಬರಿ ಮಿಠಾಯಿ ಎಲ್ಲವನ್ನೂ ಸರಿಸಿ, ಆಧಾರ್ ಕಾರ್ಡ್ ತೆಗೆದು ಅವನ ಕೈಗಿಟ್ಟರು. ಅವನು ಹಿಂದೆ ಮುಂದೆ ತಿರುಗಿಸಿದ. ಫೋಟೋ ನೋಡಿದ, ಅತ್ತೆಯನ್ನು ನೋಡಿದ, ಮತ್ತೆ ಫೋಟೋ ನೋಡಿದ. (ಆಧಾರ್ ಫೋಟೋದಲ್ಲಿ ಯಾರು ತಾನೇ ತಮ್ಮಂತೆ ಕಾಣುತ್ತಾರೆ!) ಕಾರ್ಡನ್ನು ಎರಡೂ ಕೈಯಿಂದ ಮರ್ಯಾದೆಯಾಗಿ ಹಿಂದಿರುಗಿಸಿ, ಅಷ್ಟೇ ಮರ್ಯಾದೆಯಾಗಿ 60 ಯೂರೋ ದಂಡ ಬರೆದ.

ಪಕ್ಕದ ಸೀಟಿನ ಕೆಳಗೆ ದೊಡ್ಡದೊಂದು ನಾಯಿ ಮಲಗಿತ್ತು.

"ಅದರ ಟಿಕೆಟ್ ಎಲ್ಲಿ ಎಂದು ಕೇಳು."

ಒಬ್ಬರ ಜೊತೆ ಒಂದು ನಾಯಿಗೆ ಇಲ್ಲಿ ಪುಕ್ಕಟೆ ಎಂದೆ.

"ನಮ್ಮ ಕಡೆ ಕೋಳಿಗೂ ಅರ್ಧ ಟಿಕೆಟ್ ಹರಿಯುತ್ತಾರೆ. ಇವರಿಗೆ ನಾಯಿ ಫ್ರೀ, ಹೆಂಗಸಿಗೆ ದಂಡ!" ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮಾವ ಫ್ರೈಸಿಂಗಿನಲ್ಲಿ ಇಳಿದು, ಕಂಡವರಿಗೆಲ್ಲ "ಏರ್‌ಪೋರ್ಟ್" ಎಂದು 635ನೇ ನಂಬರಿನ ಬಸ್ ಹಿಡಿದು, ಐದು ಜನರ ಟಿಕೆಟ್‌ನಲ್ಲಿ ಒಬ್ಬರೇ ರಾಜನಂತೆ ಬಂದರು. ನಮ್ಮನ್ನು ಕಂಡವರೇ, "ಎಲ್ಲಿ ತಪ್ಪಿಸಿಕೊಂಡಿರಿ?" ಎಂದರು. ಚಿಕ್ಕಬಳ್ಳಾಪುರಕ್ಕೆ ಮರಳಿದ ಮೇಲೆ ಅರಳಿಕಟ್ಟೆಯಲ್ಲಿ ಅವರು ಹೇಳುವ ಪ್ರಕಾರ, ಜರ್ಮನಿಯ ರೈಲಿನ ಕೊಂಡಿ ಕಳಚಿತ್ತು.

ನಾನು ರಜೆಗೆ ಹೋದಾಗ ಮೂವರೂ ಚಿಂತಾಮಣಿಯ ಬಸ್ ಹತ್ತಿದೆವು. ಕಂಡಕ್ಟರ್ ಅತ್ತೆಗೆ ಶೂನ್ಯ ಟಿಕೆಟ್ ಕೊಟ್ಟರು. ಮಾವ ರೂಢಿಯಂತೆ ಕೈ ಚಾಚಿದರು. ಅತ್ತೆ ಅದನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿ ಜಿಪ್ ಎಳೆದರು.

"ನಿಮ್ಮದು ನೀವು ತೆಗೆದುಕೊಳ್ಳಿ."