ಇಲ್ಲಿ 500, ಅಲ್ಲಿ 200

ಚೆನ್ನೈನಲ್ಲಿ ಕರೆಂಟ್ ಬಿಲ್ಲಿನ ಮಾತು ಬಂದರೆ ಮೊದಲು ಕೇಳುವುದೇ "ಐನೂರು ದಾಟಿತಾ?" ಅಂತ. ಮೈಸೂರಿನ ನಮ್ಮಕ್ಕನಿಗೆ ಫೋನ್ ಮಾಡಿದರೆ ಅಲ್ಲಿ ಇನ್ನೂರರ ಚಿಂತೆ. ಎರಡೂ ಯೂನಿಟ್ಟಿನ ಲೆಕ್ಕವೇ. ಆದರೆ ಒಂದೊಂದರ ಹಿಂದೆಯೂ ಒಂದೊಂದು ಸರ್ಕಾರದ ನಿಯಮ ಇದೆ, ಒಂದೊಂದು ಊರಿನ ಹವೆ ಇದೆ. ವರ್ಷಗಳಿಂದ ಎರಡೂ ಕಡೆಯ ಬಿಲ್ಲು ನೋಡುತ್ತಾ ಬಂದಿದ್ದೇನೆ. ಒಂದು ಊರಿನ ಉಳಿತಾಯದ ಉಪಾಯ ಇನ್ನೊಂದು ಊರಿಗೆ ಹಾಗೇ ಹೊಂದಲ್ಲ. ಎಲ್ಲ ಕಡೆಗೂ ಹೊಂದುವುದು ನನಗೆ ಕಂಡ ಮಟ್ಟಿಗೆ ಒಂದೇ: ಬಿಲ್ಲು ಬರುವ ಮುಂಚೆ ನಾವೇ ಹೋಗಿ ಮೀಟರ್ ನೋಡುವುದು.

ತಮಿಳುನಾಡಿನಲ್ಲಿ ಮನೆಗಳಿಗೆ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. 2016ರಿಂದ ಮೊದಲ 100 ಯೂನಿಟ್ ಎಲ್ಲರಿಗೂ ಉಚಿತ. ಬಡವರು, ಶ್ರೀಮಂತರು ಅಂತ ಭೇದ ಇಲ್ಲ. ಎಷ್ಟೇ ಉಪಯೋಗಿಸಿದರೂ ಆ ನೂರು ನಿಮ್ಮದೇ. ಇದು ಒಳ್ಳೆಯ ವಿಷಯ. ತೊಂದರೆ ಇರುವುದು 500ರ ಹತ್ತಿರ.

2022ರ ಸೆಪ್ಟೆಂಬರಿನಲ್ಲಿ ಬಂದ ದರವನ್ನೇ ತಗೊಳ್ಳಿ. ಆಮೇಲೆ ದರ ಸ್ವಲ್ಪ ಏರಿದೆ, ಲೆಕ್ಕದ ರೀತಿ ಅದೇ. 500 ಯೂನಿಟ್ಟಿನ ಒಳಗಿದ್ದರೆ ಮೊದಲ ನೂರು ಉಚಿತ, ಮುಂದಿನ ನೂರಕ್ಕೆ ಯೂನಿಟ್ಟಿಗೆ 2.25 ರೂಪಾಯಿ, 400ರವರೆಗೆ 4.50, 500ರವರೆಗೆ 6. ಸರಿಯಾಗಿ 500 ಆದರೆ ಬಿಲ್ಲು 1,725 ರೂಪಾಯಿ. ಒಂದೇ ಒಂದು ಯೂನಿಟ್ ಜಾಸ್ತಿಯಾಗಲಿ, 2.25ರ ಆ ಅಗ್ಗದ ದರ ಹೋಗಿಬಿಡುತ್ತದೆ. ಆ ನೂರು ಯೂನಿಟ್ಟಿಗೂ 4.50 ಹಾಕುತ್ತಾರೆ, ಐನೂರರ ಮೇಲಿನದಕ್ಕೆ 8. ಹೀಗಾಗಿ 501 ಯೂನಿಟ್ಟಿಗೆ 1,958 ರೂಪಾಯಿ. ಆ ಒಂದು ಯೂನಿಟ್ಟಿನ ಬೆಲೆ 233 ರೂಪಾಯಿ!

ಅದಕ್ಕೇ ಇಲ್ಲಿಯವರಿಗೆ ರೀಡಿಂಗ್ ತೆಗೆಯುವ ದಿನ ಅಷ್ಟು ಮುಖ್ಯ. ಎರಡು ಮೂರು ದಿನ ತಡವಾಗಿ ಬಂದರೂ ಬೇಸಿಗೆಯಲ್ಲಿ ಮೂವತ್ತು ಯೂನಿಟ್ ಏರಿರುತ್ತದೆ. 480ಕ್ಕೆ ನಿಲ್ಲಬೇಕಾದದ್ದು ಗೆರೆ ದಾಟಿಬಿಡುತ್ತದೆ. ತಿಂಗಳು ತಿಂಗಳು ರೀಡಿಂಗ್ ತೆಗೆಯಿರಿ ಎಂದು ಜನ ಕೇಳುತ್ತಲೇ ಬಂದಿದ್ದಾರೆ. 2021ರ ಚುನಾವಣೆಯಲ್ಲಿ ಡಿಎಂಕೆ ಪ್ರಣಾಳಿಕೆಯಲ್ಲೂ ಆ ಭರವಸೆ ಇತ್ತು.

ನಮ್ಮ ಮೇಲಿನ ಮನೆಯ ಮಾಮಿ ಇದಕ್ಕೆ ತಮ್ಮದೇ ದಾರಿ ಮಾಡಿಕೊಂಡಿದ್ದಾರೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಮೀಟರಿನ ಅಂಕಿ ಬರೆದಿರುತ್ತಾರೆ. ಬಿಲ್ಲಿನ ಮೆಸೇಜ್ ಬಂದು ಒಂದು ತಿಂಗಳಾಗುತ್ತಿದ್ದ ಹಾಗೆ ಮೊಬೈಲ್ ಟಾರ್ಚ್ ಹಿಡಿದು ಕೆಳಗೆ ಮೀಟರ್ ಬೋರ್ಡಿನ ಮುಂದೆ ನಿಲ್ಲುತ್ತಾರೆ. ಡಿಜಿಟಲ್ ಮೀಟರಿನಲ್ಲಿ ತಾರೀಖು, ಟೈಮು, ವೋಲ್ಟೇಜು ಎಲ್ಲ ಒಂದಾದ ಮೇಲೊಂದು ಬರುತ್ತಾ ಹೋಗುತ್ತದೆ. ಪಕ್ಕದಲ್ಲಿ ಕೆಡಬ್ಲ್ಯೂಎಚ್ ಎಂದು ಬಂದಾಗ ಕಾಣುವ ಅಂಕಿಯೇ ಯೂನಿಟ್. ಅದನ್ನು ಬರೆದುಕೊಂಡು ಹಳೆಯದನ್ನು ಕಳೆಯುತ್ತಾರೆ. 250ರ ಒಳಗಿದ್ದರೆ ಸುಮ್ಮನಿರುತ್ತಾರೆ. 280 ಮುಟ್ಟಿದ್ದರೆ ಎರಡನೇ ರೂಮಿನ ಎಸಿ ರಿಮೋಟ್ ಬೀರು ಸೇರುತ್ತದೆ, ಮನೆಯವರೆಲ್ಲ ಒಂದೇ ರೂಮಿನಲ್ಲಿ ಚಾಪೆ ಹಾಸಿ ಮಲಗುತ್ತಾರೆ. ನಾವೂ ಈಗ ಹಾಗೇ ಮಾಡುತ್ತೇವೆ. ಇದಕ್ಕೆ ಯಾವ ಆಪೂ ಬೇಡ, ಯಾವ ಖರ್ಚೂ ಇಲ್ಲ.

ಕರ್ನಾಟಕದ ಲೆಕ್ಕವೇ ಬೇರೆ. 2023ರ ಜುಲೈನಿಂದ ಮನೆಗಳಿಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆ ಇದೆ. ಗರಿಷ್ಠ 200 ಯೂನಿಟ್, ಆದರೆ ಎಲ್ಲರಿಗೂ ಇನ್ನೂರು ಅಂತ ಅಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿ ಮಿತಿ ಗೊತ್ತು ಮಾಡಿದರು. ತೀರಾ ಕಡಿಮೆ ಬಳಸುವವರಿಗೆ ಮುಂದೆ ಆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸಿದರು. ಮಿತಿ ದಾಟಿದರೆ ದಾಟಿದ್ದಕ್ಕೆ ಮಾತ್ರ ದುಡ್ಡು. ಇನ್ನೂರು ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. 2025-26ರ ದರದಲ್ಲಿ ಯೂನಿಟ್ಟಿಗೆ 5.80 ರೂಪಾಯಿ, ಮೇಲೆ ನೌಕರರ ಪಿಂಚಣಿಗೆಂದು 36 ಪೈಸೆ, ಮನೆಗೆ ಮಂಜೂರಾದ ಲೋಡಿನ ಕಿಲೋವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕ, ಜೊತೆಗೆ ಶೇಕಡಾ 9 ತೆರಿಗೆ. ಮೂರು ಕಿಲೋವ್ಯಾಟ್ ಲೋಡಿನ ಮನೆಯಲ್ಲಿ ಇನ್ನೂರರ ಮಿತಿ ಇದ್ದು 201 ಯೂನಿಟ್ ಆಯಿತು ಅನ್ನಿ. ಹೋದ ತಿಂಗಳು ಸೊನ್ನೆ ಬಿಲ್ಲು ಬಂದ ಮನೆಗೇ ಈ ತಿಂಗಳು 1,700 ರೂಪಾಯಿಗೂ ಜಾಸ್ತಿ.

ತಮಿಳುನಾಡಿನ ಗೆರೆಗಿಂತ ಇದು ಎಷ್ಟೋ ಪಾಲು ಕಠಿಣ. ಆದರೂ ಅಕ್ಕನ ಬೀದಿಯಲ್ಲಿ ತಿಂಗಳ ಮಧ್ಯೆ ಮೀಟರ್ ನೋಡುವವರು ನನಗೆ ಕಂಡಿಲ್ಲ. ಸೊನ್ನೆ ಬಿಲ್ಲು ಬರುತ್ತಾ ಹೋದರೆ ಯಾರು ನೋಡುತ್ತಾರೆ? ರೀಡರ್ ಬಂದು ಬಿಲ್ಲು ಹರಿದುಕೊಟ್ಟು ಹೋಗುತ್ತಾನೆ, ಅದು ಓದದೆಯೇ ಕಸಕ್ಕೆ ಹೋಗುತ್ತದೆ. ಗೃಹಜ್ಯೋತಿಯಿಂದ ಸಾವಿರಾರು ರೂಪಾಯಿ ಉಳಿಸಿಕೊಂಡ ಮನೆಗಳನ್ನು ನಾನೇ ನೋಡಿದ್ದೇನೆ, ಯೋಜನೆ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಇನ್ನೂರರ ಆ ಗೆರೆ ಹೋಗಬೇಕು. ತಮಿಳುನಾಡಿನ ನೂರು ಯೂನಿಟ್ಟಿನ ಹಾಗೆ, ಕೊಟ್ಟದ್ದನ್ನು ಎಷ್ಟು ಬಳಸಿದರೂ ವಾಪಸ್ ಕಿತ್ತುಕೊಳ್ಳಬಾರದು. ಒಂದೇ ಸೂರಿನಡಿ ಏಳು ಜನ ಇರುವ ಮನೆಗೂ ಇನ್ನೂರೇ, ಇಬ್ಬರೇ ಇರುವ ಫ್ಲ್ಯಾಟಿಗೂ ಇನ್ನೂರೇ. ಅಜ್ಜ ಅಜ್ಜಿಯನ್ನು ಜೊತೆಯಲ್ಲಿ ಇಟ್ಟುಕೊಂಡವರೇ ಗೆರೆ ದಾಟುತ್ತಾರೆ ಅಂದರೆ ಅದು ನ್ಯಾಯ ಅಲ್ಲ, ಅಲ್ವಾ?

ಇನ್ನು ಉಪಾಯಗಳ ವಿಷಯ. ವಾಟ್ಸಾಪಿನಲ್ಲಿ ತಿರುಗುವ ಸಲಹೆಗಳೆಲ್ಲ ಭಾರತಕ್ಕೆಲ್ಲ ಒಂದೇ ಹವೆ ಅನ್ನುವ ಹಾಗೆ ಬರೆದಿರುತ್ತವೆ. ಚಾರ್ಜರ್ ತೆಗೆಯಿರಿ, ಬಲ್ಬು ಆರಿಸಿ. ಒಂಬತ್ತು ವ್ಯಾಟಿನ ಎಲ್ಇಡಿ ಬಲ್ಬು ನೂರು ಗಂಟೆ ಉರಿದರೂ ಒಂದು ಯೂನಿಟ್ ಆಗುವುದಿಲ್ಲ. ಬಿಲ್ಲು ಏರಿಸುವುದು ಬೇರೆಯೇ.

ಚೆನ್ನೈನಲ್ಲಿ ಏರಿಸುವುದು ಎಸಿ ಮತ್ತು ಫ್ಯಾನು. ಫ್ಯಾನು ಅಂದರೆ ನಂಬುವುದು ಕಷ್ಟ, ಆದರೆ ಇಲ್ಲಿ ಫ್ಯಾನು ನಿಲ್ಲುವುದೇ ಅಪರೂಪ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನ ಆಸುಪಾಸು. ದಿನಕ್ಕೆ 15 ಗಂಟೆ ತಿರುಗಿದರೆ ಒಂದೊಂದು ಫ್ಯಾನಿನಲ್ಲೂ ಎರಡು ತಿಂಗಳಿಗೆ 40 ಯೂನಿಟ್ ಉಳಿಯುತ್ತದೆ. ನಾಲ್ಕು ಫ್ಯಾನು ಬದಲಾಯಿಸಿದರೆ 160. ಐನೂರರ ಲೆಕ್ಕದಲ್ಲಿ ಅದು ದೊಡ್ಡ ಮೊತ್ತ. ಎಸಿಯನ್ನು 24ಕ್ಕೆ ಇಟ್ಟು ಮೇಲೆ ಫ್ಯಾನು ಹಾಕಿಕೊಳ್ಳುವುದು ಇಲ್ಲಿ ಎಲ್ಲರಿಗೂ ಗೊತ್ತು. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆ ಎಂದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೇಳುತ್ತದೆ. 18ಕ್ಕೆ ಇಟ್ಟು ರಗ್ಗು ಹೊದೆಯುವವರ ಮನೆಯ ಬಿಲ್ಲು ಯಾಕೆ ಹಾಗೆ ಬರುತ್ತದೆ ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಇದೇ ಉತ್ಸಾಹದಲ್ಲಿ ಮೈಸೂರಿನ ಮನೆಗೂ ಹೊಸ ಫ್ಯಾನು ಹಾಕಿಸಿದರೆ ದುಡ್ಡು ವಾಪಸ್ ಬರಲು ಬಹಳ ವರ್ಷ ಬೇಕು. ಅಲ್ಲಿ ಫ್ಯಾನು ತಿರುಗುವುದೇ ಬೇಸಿಗೆಯ ಕೆಲವು ತಿಂಗಳು. ಅಲ್ಲಿ ಯೂನಿಟ್ ತಿನ್ನುವುದು ಗೀಸರ್. ಚೆನ್ನೈನಲ್ಲಿ ವರ್ಷದ ಬಹುಪಾಲು ಗೀಸರ್ ನೆನಪಿಗೇ ಬರುವುದಿಲ್ಲ, ಮೇ ತಿಂಗಳಲ್ಲಂತೂ ಟ್ಯಾಂಕಿನ ನೀರೇ ಮೈ ಸುಡುತ್ತದೆ. ಮೈಸೂರು, ಬೆಂಗಳೂರಿನಲ್ಲಿ ಬೆಳಗಾದರೆ ಬಿಸಿನೀರು ಬೇಕೇ ಬೇಕು. ಎರಡು ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್. ನಾಲ್ಕು ಜನರ ಸ್ನಾನಕ್ಕೆ ದಿನಕ್ಕೆ ಎರಡು ಯೂನಿಟ್ ಅಂದರೂ ತಿಂಗಳಿಗೆ 60. ಅಕ್ಕನ ಮನೆಗೆ ಸಿಕ್ಕಿರುವ ಮಿತಿಯಲ್ಲಿ ಅರ್ಧದ ಹತ್ತಿರ ಸ್ನಾನಕ್ಕೇ ಹೋಗುತ್ತದೆ. ಒಬ್ಬರಾದ ಮೇಲೆ ಒಬ್ಬರು ಕೂಡಲೇ ಸ್ನಾನ ಮುಗಿಸಿ ಸ್ವಿಚ್ ಆರಿಸುವುದು, ಶವರ್ ಬಿಟ್ಟು ಬಕೆಟ್ಟಿಗೆ ಹಿಡಿಯುವುದು ಅಲ್ಲಿ ನಿಜವಾದ ಉಳಿತಾಯ.

ಈ ವಿಷಯದಲ್ಲಿ ಕರ್ನಾಟಕದ ಬಗ್ಗೆ ನನಗೆ ಹೆಮ್ಮೆ ಇದೆ. ಬೆಂಗಳೂರಿನ ತಾರಸಿಗಳ ಮೇಲೆ ಕಾಣುವಷ್ಟು ಸೋಲಾರ್ ವಾಟರ್ ಹೀಟರ್ ನಾನು ಬೇರೆ ಯಾವ ಊರಿನಲ್ಲೂ ನೋಡಿಲ್ಲ. ಹೊಸ ಮನೆಗೆ ಅದನ್ನು ಕಡ್ಡಾಯ ಮಾಡಿದ್ದು, ಹಾಕಿಸಿದವರಿಗೆ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟಿದ್ದು ಬಹಳ ಕೆಲಸ ಮಾಡಿದೆ. ಕರೆಂಟು ಮಾಡುವ ಸೋಲಾರ್ ಪ್ಯಾನಲ್ಲಿಗೂ ಈಗ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಸ್ವಂತ ತಾರಸಿ ಇದ್ದು 200 ಯೂನಿಟ್ ದಾಟುವವರು ಇದನ್ನು ಗಂಭೀರವಾಗಿ ಯೋಚಿಸಬೇಕು.

ಹೊರಗಿರುವ ಕನ್ನಡಿಗರು ಊರಿನ ಮನೆಯ ಬಿಲ್ಲಿನಲ್ಲಿ ಇನ್ನೊಂದನ್ನು ನೋಡಬೇಕು, ಅದು ಮಂಜೂರಾದ ಲೋಡ್. ನಿಗದಿತ ಶುಲ್ಕ ಹಾಕುವುದು ಅದರ ಲೆಕ್ಕದಲ್ಲೇ. ತಮಿಳುನಾಡಿನಲ್ಲಿ ಮನೆಗಳಿಗಿದ್ದ ನಿಗದಿತ ಶುಲ್ಕವನ್ನು 2022ರಲ್ಲಿ ತೆಗೆದರು. ಕರ್ನಾಟಕದಲ್ಲಿ ಅದು ವರ್ಷ ವರ್ಷ ಏರುತ್ತಿದೆ. ಗೃಹಜ್ಯೋತಿ ಇಲ್ಲದ ಐದು ಕಿಲೋವ್ಯಾಟಿನ ಮನೆಗೆ ಬೀಗ ಹಾಕಿದ್ದರೂ 2025-26ರ ದರದಲ್ಲಿ ತಿಂಗಳಿಗೆ 725 ರೂಪಾಯಿ ಕಟ್ಟಬೇಕು. ಮನೆ ಕಟ್ಟುವಾಗ ಜಾಸ್ತಿ ಇರಲಿ ಅಂತ ಬರೆಸಿದ ಲೋಡ್ ಅದು. ಅಪ್ಪ ಅಮ್ಮ ಇಬ್ಬರೇ ಇರುವ ಮನೆಗೆ ಅಷ್ಟು ಬೇಕಾ? ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಟ್ಟು ಕಡಿಮೆ ಮಾಡಿಸಬಹುದು.

ಇಷ್ಟೆಲ್ಲ ಲೆಕ್ಕ ಸ್ವಂತ ಮೀಟರ್ ಇದ್ದವರಿಗೆ. ನನ್ನ ಮನಸ್ಸನ್ನು ಜಾಸ್ತಿ ಕೊರೆಯುವುದು ಇಲ್ಲದವರ ವಿಷಯ. ಚೆನ್ನೈನಲ್ಲಿ ಎಷ್ಟೋ ಬಾಡಿಗೆ ಮನೆಗಳಿಗೆ ಮಾಲೀಕರು ಸಬ್ ಮೀಟರ್ ಹಾಕಿ ಯೂನಿಟ್ಟಿಗೆ ಇಷ್ಟು ಎಂದು ಒಂದೇ ದರ ಕೇಳುತ್ತಾರೆ. ಎಂಟು ರೂಪಾಯಿ ಅಂತಿಟ್ಟುಕೊಳ್ಳಿ. ಎರಡು ತಿಂಗಳಿಗೆ 150 ಯೂನಿಟ್ ಬಳಸುವ ಚಿಕ್ಕ ಸಂಸಾರ 1,200 ರೂಪಾಯಿ ಕೊಡುತ್ತದೆ. ಅದೇ ಸಂಸಾರಕ್ಕೆ ಬೇರೆ ಮೀಟರ್ ಇದ್ದಿದ್ದರೆ 2022ರ ದರದಲ್ಲಿ 112 ರೂಪಾಯಿ ಐವತ್ತು ಪೈಸೆ ಆಗುತ್ತಿತ್ತು. ಎಲ್ಲರಿಗೂ ಅಂತ ಕೊಟ್ಟ ನೂರು ಯೂನಿಟ್ ಅದು ನಿಜವಾಗಿ ಬೇಕಾದವರಿಗೇ ಮುಟ್ಟುವುದಿಲ್ಲ. ಬೆಂಗಳೂರಿನ ವಠಾರಗಳಲ್ಲೂ ಇದೇ ಕಥೆ. ಬಾಡಿಗೆದಾರರಿಗೂ ಗೃಹಜ್ಯೋತಿ ಇದೆ, ಆದರೆ ಮನೆಗೊಂದು ಆರ್‌ಆರ್ ನಂಬರ್, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ, ಇದ್ದರೆ ಮಾತ್ರ. ನಾಲ್ಕು ಮನೆಗೆ ಒಂದೇ ಮೀಟರ್ ಆದರೆ ನಾಲ್ಕೂ ಸೇರಿ ಇನ್ನೂರು ದಾಟುತ್ತವೆ, ಯಾರಿಗೂ ಏನೂ ಸಿಗುವುದಿಲ್ಲ.

ಪ್ರತಿ ಬಾಡಿಗೆ ಮನೆಗೂ ಬೇರೆ ಮೀಟರ್ ಕಡ್ಡಾಯ ಮಾಡಿದರೆ ಎರಡೂ ರಾಜ್ಯಗಳ ಈ ಯೋಜನೆಗಳು ಮುಟ್ಟಬೇಕಾದವರನ್ನು ಮುಟ್ಟುತ್ತವೆ. ಅಲ್ಲಿಯವರೆಗೆ, ಚೆನ್ನೈಗೆ ಹೊಸದಾಗಿ ಬರುವ ನಮ್ಮ ಹುಡುಗರಿಗೆ ನಾನು ಹೇಳುವುದು ಇದು: ಅಡ್ವಾನ್ಸ್ ಕೊಡುವ ಮುಂಚೆ ಮೀಟರ್ ಬೋರ್ಡ್ ತೋರಿಸಿ ಅನ್ನಿ. ನಿಮ್ಮ ಮನೆಯ ಮೀಟರ್ ಯಾವುದು, ಬಿಲ್ಲು ಯಾರ ಮೊಬೈಲಿಗೆ ಬರುತ್ತದೆ, ಯೂನಿಟ್ಟಿಗೆ ಎಷ್ಟು, ಎಲ್ಲ ಕೇಳಿ. ಸಬ್ ಮೀಟರ್ ಅಂದರೆ ಬಾಡಿಗೆಯ ಜೊತೆಗೆ ಅದನ್ನೂ ಲೆಕ್ಕ ಹಾಕಿ. ಎರಡು ಸಾವಿರ ಕಡಿಮೆ ಬಾಡಿಗೆ ಅಂತ ಹಿಡಿದ ಮನೆ ಮೇ ತಿಂಗಳ ಹೊತ್ತಿಗೆ ಪಕ್ಕದ ಬೀದಿಯ ಮನೆಗಿಂತ ದುಬಾರಿ ಆಗಿರಬಹುದು.